ಸಂದಿಗೆ ಕ್ಯೂರಿಂಗ್ ಮಾಡಿದ್ದು

ನನಗೂ ನನ್ನ ಮಾವನವರಿಗೂ ನೆಲದ ತಕರಾರು ಇದೆ ಎಂದರೆ ಜನ ತಕ್ಷಣ ಸರ್ವೆ ನಂಬರ್ ಎಷ್ಟು, ವಕೀಲರು ಯಾರು ಎಂದು ಕೇಳುತ್ತಾರೆ. ಸ್ವಾಮಿ, ಇದು ಹೊಲದ ತಕರಾರಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಹಾಸಿದ ಟೈಲ್ಸಿನ ತಕರಾರು. ಹೊಲದ್ದಾಗಿದ್ದರೆ ಮೊಮ್ಮಕ್ಕಳ ಕಾಲಕ್ಕಾದರೂ ಕೋರ್ಟಿನಲ್ಲಿ ಬಗೆಹರಿಯುತ್ತಿತ್ತು. ಇದಕ್ಕೆ ನನ್ನ ಹೆಂಡತಿ ಜಯಮಾಲಾಳೇ ನ್ಯಾಯಾಧೀಶೆ. ಆಕೆ ಆರೋಪಿಯ ಮಾತು ಕೇಳುವ ಪದ್ಧತಿ ಇಟ್ಟುಕೊಂಡಿಲ್ಲ.

ನನ್ನ ಹೆಸರು ಉದಯಕುಮಾರ. ಸೇಡಂನಲ್ಲಿ ಮನೆ, ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ನೌಕರಿ. ಸಿಮೆಂಟಿನ ಗಟ್ಟಿಗಳನ್ನು ಮಾಡಿ, ನೀರಲ್ಲಿ ನೆನೆಸಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಒಡೆದು, ಎಷ್ಟು ಗಟ್ಟಿ ಇದ್ದವು ಎಂದು ಹೇಳುವುದು ನನ್ನ ಕೆಲಸ. (‘ಲೋಕಾ ಎಲ್ಲಾ ಸಿಮೆಂಟಲೇ ಕಟ್ತಾರ, ನಮ್ಮವ್ರು ಒಡೀತಾರ’ ಎಂದು ಜಯಮಾಲಾ ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾಳೆ.) ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಾಕ್ಷಾತ್ಕಾರವಾದ ಪರಮಸತ್ಯ ಒಂದೇ: ನೀರು ಉಣಿಸಿದಷ್ಟೂ ಸಿಮೆಂಟು ಗಟ್ಟಿ. ಇದಕ್ಕೆ ಕ್ಯೂರಿಂಗ್ ಎನ್ನುತ್ತೇವೆ. ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ, ಬೆಳಿಗ್ಗೆ ಸಂಜೆ ಕೊಡ ಕೊಡ ನೀರು ಹೊಯ್ಯುವುದು. ನಮ್ಮ ಸೀಮೆಯಲ್ಲಿ ಮನೆ ಕಟ್ಟುವವನು ಊಟ ಬಿಟ್ಟಾನು, ಕ್ಯೂರಿಂಗ್ ಬಿಡಲಾರ. ಈ ಪರಮಸತ್ಯವೇ ಮುಂದೆ ನನ್ನನ್ನು ಮುಳುಗಿಸಿತು.

ಮಾವನವರು ತಮ್ಮಣ್ಣ, ಶಹಾಬಾದದವರು. ಕಾಗಿಣಾ ಹೊಳೆಯ ದಂಡೆಯ ಹಳೇ ಮನೆತನ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿಯೇ ಅವರ ತಲೆ ಬೆಳ್ಳಗಾಗಿದೆ. ಯಾರ ಮನೆಗೆ ಹೋದರೂ ಮೊದಲು ನೆಲ ನೋಡಿ, ಆಮೇಲೆ ಮನೆಯವರ ಮುಖ ನೋಡುವವರು. ನಾವು ಮನೆ ಕಟ್ಟಲು ಶುರು ಮಾಡಿದಾಗ ಫೋನ್ ಮಾಡಿ, “ಅಳಿಯಂದ್ರ, ಮಗಳನ್ನ ಕೊಟ್ಟೀನಿ, ಆಕಿ ನಡ್ಯೂ ನೆಲಾನೂ ನಾನೇ ಕೊಡ್ತೀನಿ. ಇಡೀ ಮನೀಗಿ ಫರಸಿ ಕಳಸ್ತೀನಿ, ನೀವು ಫಿಕರ್ ಮಾಡಬ್ಯಾಡ್ರಿ” ಅಂದರು.

ನಾನು ಬೇಡ ಅಂದೆ. ಹುಟ್ಟಿದಂದಿನಿಂದ ಫರಸಿಯ ಮೇಲೆ ತೆವಳಿ, ಫರಸಿಯ ಮೇಲೆ ಬಿದ್ದು, ಫರಸಿಯ ಮೇಲೆ ಉಂಡು ನನಗೆ ಸಾಕಾಗಿತ್ತು. ಮುಖ ಕಾಣುವಂಥ ಬಿಳಿ ಟೈಲ್ಸ್ ಬೇಕು, ಅದರ ಸಂದಿಗೂ ಬಿಳೀ ಗ್ರೌಟೇ ತುಂಬಬೇಕು ಎಂದು ಹಟ ಹಿಡಿದೆ. ಮಾವನವರ ಮರ್ಯಾದೆಗೆಂದು ಹೊರಗಿನ ಕಟ್ಟೆಗಷ್ಟೇ ಅವರ ಫರಸಿ ಹಾಕಿಸಿದೆ. ಎಂಥ ಮುತ್ಸದ್ದಿತನ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹೋದ ಯುಗಾದಿಯ ಹೊತ್ತಿಗೆ ಗೃಹಪ್ರವೇಶ. ಮಾವನವರು ಬಂದರು, ಹೊಸ್ತಿಲ ಹತ್ತಿರ ನಿಂತರು, ಬಗ್ಗಿ ಒಳಗಿನ ನೆಲ ನೋಡಿದರು. ಟೈಲ್ಸ್ ಬಗ್ಗೆ ಚಕಾರ ಎತ್ತಲಿಲ್ಲ. ಸಂದಿನ ಕಡೆ ಬೆರಳು ಮಾಡಿದರು.

“ಅಳಿಯಂದ್ರ, ಈ ಬಿಳೀ ಸಂದು ಒಂದ್ ವರ್ಷದಾಗ ಕರ್ರಗಾಗ್ತಾವ.”

“ಆಗಂಗಿಲ್ಲ ಮಾವಾ. ನಾ ಸಿಮೆಂಟಿನಾಂವ ಇದ್ದೀನಿ.”

“ಆಗಲಿಲ್ಲಂದ್ರ ಬರೂ ಯುಗಾದಿಗಿ ಒಳಗ ಬಂದು, ಇದೇ ನೆಲದ ಮ್ಯಾಲ ಕುಂತು ಹೋಳಿಗಿ ಉಣ್ತೀನಿ. ಅಲ್ಲೀತನಕ ನನಗ ಹೊರಗಿನ ಕಟ್ಟಿನೇ ಛಲೋ.”

ಹೇಳಿದ್ದಷ್ಟೇ ಅಲ್ಲ, ಮಾಡಿದರು. ಗೃಹಪ್ರವೇಶದ ಊಟ ಕಟ್ಟೆಯ ಮೇಲೆ ಆಯಿತು. ಆಮೇಲೆ ಎಷ್ಟು ಸಲ ಬಂದರೂ ಚಹಾ ಕಟ್ಟೆಯ ಮೇಲೆ, ಮಾತು ಕಟ್ಟೆಯ ಮೇಲೆ, ಎಲೆ ಅಡಿಕೆ ಕಟ್ಟೆಯ ಮೇಲೆ. ಬಿಸಿಲಿಗೆ ಮುಖ ಕೆಂಡದಂತಾದರೂ ಮುದುಕರು ಹೊಸ್ತಿಲು ದಾಟಲಿಲ್ಲ. ಜಯಮಾಲಾ ಚಹಾದ ಬಸಿ ಕಪ್ಪು ಹಿಡಿದು ಒಳಗೂ ಹೊರಗೂ ತಿರುಗಿದಳು. ಎದುರುಮನೆಯ ಲಾಲಮ್ಮ ಕಿಟಕಿಯಿಂದಲೇ ಎಲ್ಲವನ್ನೂ ದಾಖಲು ಮಾಡಿಕೊಂಡಳು.

ಇನ್ನು ನಮ್ಮ ಸಂದುಗಳ ಚರಿತ್ರೆ. ಟೈಲ್ಸ್ ಎಂಬುದು ಮಹಾ ಶಿಸ್ತಿನ ಪ್ರಾಣಿ, ಏನು ಚೆಲ್ಲಿದರೂ ಕುಡಿಯುವುದಿಲ್ಲ. ಅದರ ಪಾಲಿನದನ್ನೂ ಸೇರಿಸಿ ಸಂದು ಕುಡಿಯುತ್ತದೆ. ಅಡುಗೆಮನೆ ಬಾಗಿಲಲ್ಲಿ ಅರಿಷಿಣ ಕುಡಿಯಿತು, ಊಟದ ಜಾಗದಲ್ಲಿ ಸಾರು ಕುಡಿಯಿತು, ನಾನು ಕೂಡುವ ಕಡೆ ಚಹಾ ಕುಡಿಯಿತು. ಮಿಕ್ಕ ಕಡೆಯೆಲ್ಲ ನನ್ನ ಬೂಟಿನ ಧೂಳು. ಈ ಮನೆಗೆ ಬಂದ ಹೊಸದರಲ್ಲಿಯೇ ಜಯಮಾಲಾ ಫೋನಿನಲ್ಲಿ ಏನೋ ನೋಡಿ ಹೇಳಿದ್ದಳು.

“ಏನ್ರಿ, ಸಂದಿಗಿ ಸೀಲರ್ ಅಂತ ಹಚ್ಚತಾರಂತ. ಹಚ್ಚಿದ್ರ ಎಣ್ಣಿ ನೀರು ಒಳಗ ಇಳಿಯಂಗಿಲ್ಲಂತ.”

“ಸಿಮೆಂಟಿನಾಂವಗ ಸಿಮೆಂಟ್ ಕಲಿಸ್ತಿಯೇನ? ಅವೆಲ್ಲ ಮಂದೀನ್ನ ಹುಚ್ಚ ಮಾಡೂ ಧಂದಾ.”

ಹೀಗೆ ಅಂದು ನಾನು ಪೇಪರ್ ಓದಲು ಕೂತಿದ್ದೆ. ಆಗ ಆ ಪೇಪರನ್ನಾದರೂ ಸಂದಿಗೆ ಅಂಟಿಸಿದ್ದರೆ ಚೆನ್ನಾಗಿತ್ತು.

ಈ ವರ್ಷದ ಯುಗಾದಿ ಹತ್ತಿರ ಬಂತು. ನಮ್ಮ ಪಡಸಾಲೆ ಚೌಕಳಿ ಲುಂಗಿ ಹಾಸಿದ ಹಾಗೆ ಕಾಣುತ್ತಿತ್ತು. ಒಂದು ದಿನ ಡ್ಯೂಟಿ ಮುಗಿಸಿ ಬಂದರೆ ಜಯಮಾಲಾ ಆ ಲುಂಗಿಯ ನಡುವೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಏನಾತ?”

“ಲಾಲಮ್ಮ ಕೇಳ್ಲಿಕತ್ತಾಳ. ‘ನಿಮ್ಮಪ್ಪಗ ಒಳಗ ಯಾಕ ಕರಿಯಂಗಿಲ್ಲವಾ, ಗಂಡ ಬ್ಯಾಡಂತಾನೇನು’ ಅಂತ. ಏನ್ ಹೇಳ್ಲಿ? ಹೆತ್ತಪ್ಪಗ ಬಾಕಲ ಹೊರಗ ಚಹಾ ಕೊಟ್ಟೂ ಕೊಟ್ಟೂ ನನಗ ಸಾಕಾಗ್ಯಾದ್ರಿ. ಅವ್ರ ವಯಸ್ಸೇನು, ಈ ಬಿಸಿಲೇನು! ಈ ಸಲ ಅಪ್ಪ ಒಳಗ ಬಂದು ಉಣಲಿಲ್ಲಂದ್ರ ನಾನೂ ಕಟ್ಟಿಮ್ಯಾಲೇ ಉಣ್ತೀನಿ, ಹೇಳಿ ಇಟ್ಟೀನಿ.”

ಆಕೆಯ ಸಂಕಟ ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು. ಹಟ ಮಾಡಿದವರು ಗಂಡಸರು ಇಬ್ಬರು, ನಡುವೆ ಕಪ್ಪು ಬಸಿ ಹಿಡಿದು ತಿರುಗಿದವಳು ಇವಳು. ಆವತ್ತೇ ಪ್ರತಿಜ್ಞೆ ಮಾಡಿದೆ, ಸಂದು ಬಿಳಿ ಮಾಡಿಯೇ ಸೈ.

ಸೋಪಿನ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಎರಡು ಮೊಣಕಾಲು ಇವಿಷ್ಟೂ ಸವೆಯುವವರೆಗೆ ತಿಕ್ಕಿದೆ. ಸತ್ಯ ಹೇಳುತ್ತೇನೆ, ಬೆಳ್ಳಗಾದವು! ಅಂಗಡಿಗೆ ಹೋಗಿ, ಯಾರೂ ಪರಿಚಯದವರು ಇಲ್ಲದ ಸಮಯ ನೋಡಿ, ಸೀಲರಿನ ಡಬ್ಬಿಯನ್ನೂ ತಂದೆ. ಜಯಮಾಲಾ ಅದನ್ನು ಕೈಗೆ ತಗೊಂಡು ನೋಡಿದಳು.

“ನೆಲ ಪೂರಾ ಒಣಗಿದ ಮ್ಯಾಲ ಹಚ್ಚರಿ. ಹಚ್ಚಿದ ಮ್ಯಾಲ ಒಂದ್ ದಿನ ನೀರು ತೋರಸಬ್ಯಾಡ್ರಿ. ಖರೇ ಹೇಳ್ಲಿಕತ್ತೀನಿ, ನಿಮ್ಮ ಅಕಲ್ ನಡಸಬ್ಯಾಡ್ರಿ.”

“ಆತು, ಆತು, ನೀ ಹೋಗು.”

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಆಕೆ ಲಾಲಮ್ಮನ ಜೊತೆ ವರ್ಷದ ಖಾರ ಕುಟ್ಟಿಸಲು ಗಿರಣಿಗೆ ಹೋದಳು. ನಾನು ಡಬ್ಬಿಯ ಮುಚ್ಚಳ ತೆಗೆದೆ. ಒಳಗಿನದು ತೀರಾ ಸ್ವಲ್ಪ ಎನಿಸಿತು. ನೀರು ಬೆರೆಸದ ಮಾಲನ್ನು ನನ್ನ ಜನ್ಮದಲ್ಲಿ ನಾನು ಕಂಡವನಲ್ಲ. ಒಂದು ಚೊಂಬು ನೀರು ಬೆರೆಸಿದೆ. ಸಂದು ಸಂದಿಗೂ ಹಚ್ಚಿದೆ. ಎದ್ದು ನಿಂತು ನೋಡಿದರೆ ಬಿಸಿಲಿನ ಝಳಕ್ಕೆ ಆಗಲೇ ಒಣಗುತ್ತಿದೆ. ಕ್ಯೂರಿಂಗ್ ಇಲ್ಲದೆ ಒಣಗುತ್ತಿದೆ! ನನ್ನೊಳಗಿನ ಲ್ಯಾಬಿನವನು ಬೊಬ್ಬೆ ಹಾಕಿದ. ನೀರು ತೋರಿಸಬೇಡಿ ಅಂತಾಳೆ, ಅವಳಿಗೇನು ಗೊತ್ತು ಪಾಪ, ಹೆಣ್ಣುಮಗಳು.

ಹಿತ್ತಲಲ್ಲಿ ಖಾಲಿ ಗೋಣಿಚೀಲಗಳ ರಾಶಿ ಬಿದ್ದಿತ್ತು. ತಂದು ಪಡಸಾಲೆಯ ತುಂಬ ಹಾಸಿ ಮೇಲೆ ಕೊಡ ಕೊಡ ನೀರು ಹೊಯ್ದೆ. ನಡುವೆ ವಿಪರೀತ ಸೀನು ಬಂತು. ಚೀಲ ಝಾಡಿಸಿದ ಧೂಳು ಎಂದುಕೊಂಡೆ. ಕಣ್ಣಲ್ಲಿ ನೀರು ಬಂತು. ಮಾವನವರು ಒಳಗೆ ಬರುವ ಸಂತೋಷಕ್ಕೆ ಬಂದ ಆನಂದಬಾಷ್ಪ ಎಂದುಕೊಂಡೆ. ಆಮೇಲೆ ಕಟ್ಟೆಯ ಮೇಲೆ ತಂಪಾಗಿ ಮಲಗಿದೆ.

“ಆಕ್ಷೀ! ಏನ್ ಘಾಟ ಇದು? ಏನ್ ಮಾಡೀರಿ? ಆಕ್ಷೀ!”

ಎದ್ದು ಕೂತೆ. ಜಯಮಾಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಹಿಂದೆ ಲಾಲಮ್ಮನೂ ಸೀನುತ್ತಿದ್ದಳು.

“ಕ್ಯೂರಿಂಗ್.”

“ಅಯ್ಯ ನನ್ನ ದೈವಾ! ಅವು ಮೆಣಸಿನಕಾಯಿ ಚೀಲಾರಿ! ವರ್ಷದ ಖಾರದ ಕಾಯಿ ಮೊನ್ನಿ ಅದರಾಗೇ ತಂದೀವಿ!”

ಒಂದು ಚೀಲ ಎತ್ತಿದೆವು. ಕೆಳಗೆ ಟೈಲ್ಸ್ ಬೆಳ್ಳಗೆ ನಗುತ್ತಿತ್ತು. ಅದರ ನಾಲ್ಕೂ ಬದಿಯ ಸಂದು ಕೆಂಪಗಾಗಿತ್ತು. ಇನ್ನೊಂದು ಎತ್ತಿದೆವು, ಅಲ್ಲೂ ಕೆಂಪು. ನೀರಿಗೆ ಕರಗಿದ ನನ್ನ ಸೀಲರ್ ಎಲ್ಲಿ ಹೋಯಿತೋ, ಮೆಣಸಿನಕಾಯಿಯ ಬಣ್ಣ ಮಾತ್ರ ಸಂದಿನ ಹೊಟ್ಟೆಗೆ ಇಳಿದು ಕೂತಿತ್ತು. ಎಷ್ಟು ತಿಕ್ಕಿದರೂ ಸ್ವಲ್ಪ ತಿಳಿಯಾಯಿತೇ ಹೊರತು ಹೋಗಲಿಲ್ಲ.

“ನಿಮಗ ನೌಕರಿ ಯಾರ್ ಕೊಟ್ಟಾರ್ರಿ?” ಅಂದಳು ಜಯಮಾಲಾ. ಸಿಟ್ಟಿನಲ್ಲಿ ಅನ್ನಲಿಲ್ಲ, ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು. ಅದೇ ಹೆಚ್ಚು ಚುಚ್ಚಿತು.

ಯುಗಾದಿಯ ಬೆಳಿಗ್ಗೆ ಮಾವನವರು ಬಂದರು. ಬಿಳಿ ಧೋತ್ರ, ಬಿಳಿ ಟೊಪ್ಪಿಗೆ. ನಾನು ಬಾಗಿಲ ಬದಿಗೆ ನಿಂತೆ. ಜಯಮಾಲಾ ನನ್ನ ಹಿಂದೆ ನಿಂತು ನನ್ನ ಅಂಗಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಮಾವನವರು ಹೊಸ್ತಿಲ ಹೊರಗೆ ನಿಂತು, ಕನ್ನಡಕ ಏರಿಸಿ, ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು.

“ಅಳಿಯಂದ್ರ, ಸಂದು ಕೆಂಪಗ ಅವ.”

“ಹೌದ್ರಿ ಮಾವಾ.”

“ಕರ್ರಗ ಇಲ್ಲ.”

“ಇಲ್ಲರಿ.”

“ಇದ್ಯಾವ ಪರಿ ಕೆಲಸ?”

ನಾಲಿಗೆಗೆ ಎಲುಬಿಲ್ಲ ನೋಡಿ, ತಾನೇ ಹೊರಳಿತು. “ಇದು ಹೊಸಾ ಡಿಜೈನ್ ಮಾವಾ. ಕೆಂಪು ಗೀಟಿನ ನೆಲ. ಹಚ್ಚಿದ ಮ್ಯಾಲ ಗೋಣಿಚೀಲ ಹಾಸಿ ಕ್ಯೂರಿಂಗ್ ಮಾಡ್ಬೇಕಾಗ್ತದ. ಭಾಳ ನಾಜೂಕ ಕೆಲಸ.”

ಹಿಂದಿನಿಂದ ನನ್ನ ಬೆನ್ನಿಗೆ ಒಂದು ಚಿವುಟು ಬಿತ್ತು. ಮಾವನವರು ಇನ್ನೊಮ್ಮೆ ಬಗ್ಗಿ ಸಂದು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಬಲಗಾಲು ಎತ್ತಿ, ಒಳಗಿಟ್ಟರು.

“ಮಾತು ಮಾತೇ. ಕರ್ರಗಾಗಿಲ್ಲ. ಮಗಳ, ಎಲಿ ಹಾಕವಾ.”

ಜಯಮಾಲಾ ಅಡುಗೆಮನೆಗೆ ಓಡಿದಳು. ಹೋಳಿಗೆ ತಂದು ಬಡಿಸುವಾಗ ಆಕೆಯ ಕಣ್ಣು ತುಂಬಿತ್ತು, ಮುಖದ ತುಂಬ ನಗೆಯಿತ್ತು. “ಇನ್ನೊಂದ್ ಹಾಕ್ಕೋ ಅಪ್ಪಾ, ತುಪ್ಪ ಸಾಕೇನು, ಹಾಲು ತರ್ಲೇನು” ಎಂದು ಒಂದು ವರ್ಷದ ಉಪಚಾರವನ್ನು ಒಂದೇ ಪಂಕ್ತಿಯಲ್ಲಿ ತೀರಿಸಿದಳು. ಮಾವನವರು ನಡುನಡುವೆ ಸೀನಿದರು. ಹೊಸ ಸಿಮೆಂಟಿನ ವಾಸನೆ ಅಂದೆ. ಎದುರು ಕಿಟಕಿಯಲ್ಲಿ ಲಾಲಮ್ಮ ಎಲ್ಲ ನೋಡಿ ತೃಪ್ತಿಯಾಗಿ ಒಳಗೆ ಹೋದಳು. ಗೆದ್ದೆ ಎಂದು ನಾನೂ ಎರಡು ಹೋಳಿಗೆ ಜಾಸ್ತಿ ಹಾಕಿಸಿಕೊಂಡೆ.

ಕೈ ತೊಳೆದ ಮೇಲೆ ಮಾವನವರು ಬೆರಳಿನಿಂದ ಒಂದು ಸಂದನ್ನು ಸವರುತ್ತ ಕೂತರು.

“ಅಳಿಯಂದ್ರ, ಒಂದ್ ಮಾತು ಹೇಳ್ತೀನಿ. ನಮ್ಮನಿ ಫರಸಿ ಬಂಗಾರ ಅದ, ಅದರಾಗ ಎರಡು ಮಾತಿಲ್ಲ. ಖರೇ ಅದರ ಸಂದೂ ಕರ್ರಗಾಗ್ಯಾವ. ನಿಮ್ಮತ್ತಿ ದಿನಾ ಬೈತಾಳ. ಬೂದಿ ಬಣ್ಣದ ಕಲ್ಲು, ನಡಕ ಇಂಥಾ ಕೆಂಪು ಗೀಟು… ಭಾರಿ ಖುಲತದ, ಎದ್ದು ಕಾಣ್ತದ. ಫರಸಿ ನಂದು, ಸಂದು ನಿಮ್ದು. ಹಾಕ್ಸಿ ಕೊಡ್ರಿ. ಯಾವ ಮಿಸ್ತ್ರಿ ಮಾಡ್ಯಾನ?”

“ಅಂವ ಹೈದರಾಬಾದದಾಂವ ಮಾವಾ, ಸಿಗೂದು ಭಾಳ ಕಷ್ಟ…”

“ಅಯ್ಯ, ಯಾವ ಮಿಸ್ತ್ರಿ ಅಪ್ಪಾ!” ತುಪ್ಪದ ಗಿಂಡಿ ಎತ್ತಿಡಲು ಬಂದ ಜಯಮಾಲಾ ಅಂದಳು. “ಇವ್ರೇ ಕೈಯಾರ ಮಾಡ್ಯಾರ. ಮೊಣಕಾಲ ಊರಿ, ಒಬ್ಬರೇ.”

ಮಾವನವರು ನನ್ನನ್ನು ಮದುವೆಯಲ್ಲಿಯೂ ಅಷ್ಟು ಅಭಿಮಾನದಿಂದ ನೋಡಿರಲಿಲ್ಲ.

ಅವರು ಹೋದ ಮೇಲೆ, ಏನಾದರೂ ಮಾಡಿ ಈ ಕೆಂಪನ್ನು ತೆಗೆದುಬಿಡೋಣ, ನೆಪ ಹೇಳಿ ತಪ್ಪಿಸಿಕೊಳ್ಳೋಣ ಎಂದೆ. ಜಯಮಾಲಾ ಒಪ್ಪಲಿಲ್ಲ. ತಾನೇ ಹೊಸ ಡಬ್ಬಿ ತಂದಳು. ನೆಲ ಚೆನ್ನಾಗಿ ಒಣಗಲು ಬಿಟ್ಟಳು, ಹನಿ ನೀರೂ ಬೆರೆಸದೆ ಹಚ್ಚಿದಳು, ಮೇಲೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿದಳು, ಒಂದು ದಿನ ನನ್ನನ್ನು ಒಳಗೆ ಬಿಡಲಿಲ್ಲ. ಈಗ ನಮ್ಮ ಸಂದಿನ ಮೇಲೆ ಚಹಾ ಚೆಲ್ಲಿದರೆ ಮುತ್ತಿನ ಹಾಗೆ ನಿಲ್ಲುತ್ತದೆ, ಒರೆಸಿದರೆ ಹೋಗುತ್ತದೆ. ಹೊಸ ಕಲೆ ಒಳಗೆ ಹೋಗುವುದಿಲ್ಲ. ಒಳಗಿನ ಕೆಂಪೂ ಹೊರಗೆ ಬರುವುದಿಲ್ಲ. ನನ್ನ ಸುಳ್ಳು ಸೀಲ್ ಆಗಿ ಭದ್ರವಾಗಿ ಕೂತಿದೆ.

ಮುಂದಿನ ರವಿವಾರ ಶಹಾಬಾದದಲ್ಲಿ ನಾನು ಮಾವನವರ ಪಡಸಾಲೆಯಲ್ಲಿ ಮೊಣಕಾಲೂರಿದ್ದೆ. ಕೆಂಪು ಬಣ್ಣದ ಗ್ರೌಟನ್ನು ಯಾರಿಗೂ ಹೇಳದೆ ಅಂಗಡಿಯಿಂದ ತಂದು, ಓಣಿಯ ಜನರೆಲ್ಲ ನೋಡುತ್ತಿರುವಂತೆ ಸಂದು ತುಂಬಿದೆ. ಮಾವನವರು ಖುರ್ಚಿ ಹಾಕಿಕೊಂಡು, “ನಮ್ಮ ಅಳಿಯಂದ್ರರಿ, ಲ್ಯಾಬಿನಾಗ ಅದಾರ” ಎಂದು ಬಂದವರಿಗೆಲ್ಲ ಹೇಳಿದರು. ಸೊಂಟ ಹಿಡಿದುಕೊಂಡು ಏಳುವಾಗ ಜಯಮಾಲಾಳಿಗೆ ಮೆಲ್ಲಗೆ ಕೇಳಿದೆ.

“ಸೀಲರ್ ಡಬ್ಬಿ ಎಲ್ಲದ?”

“ಅದ್ಯಾಕರಿ? ಕ್ಯೂರಿಂಗ್ ಅಂತ ನೀವೇ ಅಪ್ಪಗ ಹೇಳೀರಲ್ಲ. ಚೀಲ ತಂದೀನಿ, ತಗೋರಿ.”

ಅದೇ ಚೀಲಗಳು. ಹಾಸಿದೆ, ನೀರು ಹೊಯ್ದೆ, ಸೀನಿದೆ. ಹಸಿವಾಗಿತ್ತು, ಬಿಸಿಲು ಚುರುಗುಟ್ಟುತ್ತಿತ್ತು. ಹೊರಗೆ ಬಂದು ಕಾಲು ತೊಳೆದೆ. ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂಡೋಣ ಎಂದು ಹೊಸ್ತಿಲ ಹತ್ತಿರ ಬಂದೆ. ಮಾವನವರು ಕೈ ಅಡ್ಡ ಹಿಡಿದರು.

“ಕ್ಯೂರಿಂಗ್ ನಡದದ, ಒಳಗ ಕಾಲಿಡಬ್ಯಾಡ್ರಿ ಅಳಿಯಂದ್ರ. ಅಲ್ಲೇ ಕುಂದ್ರಿ. ಮಗಳ, ಇವ್ರಿಗಿ ಚಹಾ ಕಟ್ಟಿಮ್ಯಾಲ ಕೊಡವಾ.”

ಜಯಮಾಲಾ ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು, ಬಸಿ ಕಪ್ಪು ನನ್ನ ಮುಂದೆ ಇಟ್ಟು, ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಹೋದಳು.