ಉಮಾನಾಥರ ಕಾಲಿಗೆ ಇಡ್ಲಿ ಬಟ್ಟೆ

ಕರ್... ಕರ್... ಕರ್...

ಇದು ದೋಸೆ ಕಾವಲಿ ಕೆರೆಯುವ ಸದ್ದಲ್ಲ ಎಂದು ರಾಜೀವಿಗೆ ಮಲಗಿದಲ್ಲಿಂದಲೇ ಗೊತ್ತಾಯಿತು. ಪಂಚವಟಿಯ ಅವರ ಹೋಟೆಲಿನಲ್ಲಿ ಕಾವಲಿಗೆ ಇನ್ನೂ ಬೆಂಕಿಯೇ ಬಿದ್ದಿರಲಿಲ್ಲ. ಕೆರೆಸಿಕೊಳ್ಳುತ್ತಿದ್ದುದು ಹೋಟೆಲ್ ಮಾಲೀಕರಾದ ಗಂಡ ಉಮಾನಾಥರ ಕಾಲು, ಕೆರೆಯುತ್ತಿದ್ದವರೂ ಮಾಲೀಕರೇ!

"ಕೆರೀಬೇಡಿ ಅಂತ ಡಾಕ್ಟ್ರು ಹೇಳಿದ್ದಲ್ವಾ?"

"ಕೆರೆದದ್ದು ಯಾರು ಮಾರಾಯ್ತಿ? ಸವರಿದ್ದು!"

ಚಳಿಗಾಲ ಬಂತೆಂದರೆ ಉಮಾನಾಥರ ಕಾಲುಗಳು ಒಣಗಿ, ಬಿರಿದು, ಕೆಂಪಾಗುತ್ತಿದ್ದವು. ಎಕ್ಸಿಮಾ. "ತೀರಾ ಬಿಸಿನೀರು ಬೇಡ. ಸ್ನಾನವಾದ ಕೂಡಲೇ, ಮೈಯ ಪಸೆ ಆರುವ ಮೊದಲೇ ಮುಲಾಮು ಹಚ್ಚಿ. ನಾನು ಹೇಳುವ ತನಕ ಔಷಧಿ ಬಿಡಬೇಡಿ. ಅಂಟುವ ರೋಗವಲ್ಲ, ನಾಚಿಕೆಯಂತೂ ಬೇಡವೇ ಬೇಡ" ಎಂದಿದ್ದರು ಡಾಕ್ಟರು. ಇಷ್ಟರಲ್ಲಿ ಉಮಾನಾಥರು ದಿನವೂ ತಪ್ಪದೆ ನಡೆಸಿಕೊಂಡು ಬಂದದ್ದು ನಾಚಿಕೆಯೊಂದನ್ನೇ!

ಅದರಲ್ಲೂ ಅಂದು ಮಗಳು ಅಕ್ಷಿತಾಳ ಮದುವೆ ಮಾತುಕತೆಗೆ ಸಂಭಾಜಿನಗರಕ್ಕೆ ಹೋಗಬೇಕಿತ್ತು. ಹುಡುಗ ದಿಗಂತ್ ಅಲ್ಲಿನ ಶೇಂದ್ರಾದ ಕಾರ್ಖಾನೆಯಲ್ಲಿ ಇಂಜಿನಿಯರ್. ಅವನ ಅಪ್ಪ ಶಾಂತಕುಮಾರರದೂ ಹೋಟೆಲೇ. ಹೆಣ್ಣಿನ ಅಪ್ಪನಿಗೆ ಚರ್ಮರೋಗ ಎಂದು ತಿಳಿದರೆ ಮಾತು ಅಲ್ಲಿಗೇ ಮುರಿದೀತು! ಅಕ್ಷಿತಾಳ ಮೊಣಕೈ ಮಡಿಕೆಯಲ್ಲೂ ಚಳಿಗಾಲದ ಮೊದಲಲ್ಲಿ ಅದೇ ಕೆಂಪು ಇಣುಕಿತ್ತು. "ಉದ್ದ ತೋಳಿನ ಕುರ್ತಾ ಹಾಕು" ಎಂದು ಅವಳಿಗೆ ಆಜ್ಞೆಯಾಯಿತು. ತಮ್ಮ ಬಗ್ಗೆ ಘೋಷಣೆಯೇ ಹೊರಟಿತು:

"ಕೇಳು ರಾಜೀವಿ! ಇವತ್ತು ಸೂರ್ಯ ಮುಳುಗುವ ತನಕ ಈ ಉಮಾನಾಥನ ಉಗುರು ಈ ಉಮಾನಾಥನ ಕಾಲು ಮುಟ್ಟಲಿಕ್ಕಿಲ್ಲ!"

"ನಿಮ್ಮ ಉಗುರು ನಿಮ್ಮ ಮಾತು ಕೇಳಿದ್ದು ಯಾವಾಗ?"

ಆದರೆ ಅವರ ಬತ್ತಳಿಕೆಯಲ್ಲಿ ಒಂದು ಅಸ್ತ್ರವಿತ್ತು. ತುರಿಕೆ ಜೋರಾದಾಗ, ರಾತ್ರಿ, ಮುಲಾಮಿನ ಮೇಲೆ ಶುಭ್ರವಾದ ಬಟ್ಟೆಯನ್ನು ನೆನೆಸಿ ಹಿಂಡಿ ಸುತ್ತಿ, ಮೇಲೊಂದು ಒಣ ಬಟ್ಟೆ ಕಟ್ಟಿ ಎಂದಿದ್ದರು ಡಾಕ್ಟರು. ಇಡ್ಲಿ ಒಣಗದಂತೆ ಒದ್ದೆ ಬಟ್ಟೆ ಮುಚ್ಚಿಯೇ ತಲೆ ಹಣ್ಣಾದವರಿಗೆ ಇದನ್ನೂ ಹೇಳಿಕೊಡಬೇಕೆ? ಇಡ್ಲಿಗೆ ಆಗುವುದು ಕಾಲಿಗೆ ಆಗದೆ? ರಾತ್ರಿಗೆ ಆಗುವುದು ಹಗಲಿಗೆ ಆಗದೆ? ಮೆಲ್ಲನೆ ಹೋಟೆಲಿನ ಅಡುಗೆಮನೆಗೆ ಇಳಿದರು. ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಗಳು, ಹಿಂದಿನ ದಿನದ ಹಿಟ್ಟು ಮೆತ್ತಿಕೊಂಡೇ, ಒಗೆಯಲೆಂದು ಬಕೆಟ್ಟಿನಲ್ಲಿ ಬಿದ್ದಿದ್ದವು. ಹೇಗೂ ಒದ್ದೆಯೇ ಇದ್ದವಲ್ಲ! ಎರಡೂ ಕಾಲಿಗೆ ಬಿಗಿದು, ಉಣ್ಣೆಯ ಕಾಲುಚೀಲ ಎಳೆದು, ಪ್ಯಾಂಟು ಏರಿಸಿ, ವಿಜಯಯಾತ್ರೆಗೆ ಹೊರಟವರಂತೆ ಕಾರು ಹತ್ತಿದರು.

ದಾರಿಯುದ್ದಕ್ಕೂ ರಾಜೀವಿ ಚಳಿಯೆಂದು ಹೀಟರ್ ಹಾಕಿಸಿದರು. ಹಿಟ್ಟು ಹುಳಿ ಬರಲು ಏನೇನು ಬೇಕು? ತೇವ, ಬೆಚ್ಚನೆಯ ಜಾಗ, ಒಂದಿಷ್ಟು ಹೊತ್ತು. ಎಲ್ಲವೂ ಉಮಾನಾಥರ ಪ್ಯಾಂಟಿನೊಳಗೇ ಕೂಡಿಬಂದವು! ಹೋಟೆಲಿನವರ ಕಾರು, ವಾಸನೆಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಶಾಂತಕುಮಾರರ ಮನೆಯಲ್ಲಿ ಮಾತು ಸಕ್ಕರೆಯಂತೆ ಸಾಗಿತ್ತು. ಕಾಲಿನ ತುರಿಕೆ ತಣ್ಣಗಿತ್ತು, ಉಗುರು ಸುಮ್ಮನಿತ್ತು. ಉಮಾನಾಥರು ಸಿಂಹಾಸನದಲ್ಲಿ ಕೂತವರಂತೆ ಕೂತಿದ್ದರು. ಆಗ ಶಾಂತಕುಮಾರರ ಮೂಗು ಅರಳಿತು.

"ಶುಭಾ, ದೋಸೆ ಹಿಟ್ಟು ಹುಳಿ ಬಂದಿದೆ ನೋಡು."

ಹೆಂಡತಿ ಒಳಗೆ ಹೋಗಿ ನೆಕ್ಕಿ ನೋಡಿ ಬಂದರು. "ಇಲ್ವಲ್ಲ, ಸರೀ ಉಂಟು."

"ನಿನ್ನ ಮೂಗಿಗೆ ಎಂತ ಆಗಿದೆ? ಹಾಲ್ ಇಡೀ ಹೊಡೀತಾ ಉಂಟು! ಮೊದಲ ಸಲ ಬಂದ ಬೀಗರಿಗೆ ಹುಳಿ ದೋಸೆ ಕೊಡೂದಾ? ಚೆಲ್ಲು ಅದನ್ನ!"

ಶುಭಾರ ಮುಖ ಬಾಡಿತು. ಒಳಗೆ ಹೋಗಿ ಹಿಟ್ಟಿನ ಪಾತ್ರೆ ಎತ್ತಿಕೊಂಡರು; ಹಿತ್ತಿಲ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿದ್ದು ಉಮಾನಾಥರಿಗೆ ಕಂಡಿತು. ವಾಸನೆ ಎಲ್ಲಿಂದ ಬರುತ್ತಿದೆಯೆಂದು ಅವರಿಗೆ ಆಗಲೇ ಹೊಳೆದಿತ್ತು. 'ಬರೀ ಹಿಟ್ಟು ತಾನೆ, ಚೆಲ್ಲಲಿ' ಎಂದಿತು ಒಂದು ಮನಸ್ಸು. ಆದರೆ ನಾಳೆ ಮಗಳಿಗೆ ಅತ್ತೆಯಾಗಬೇಕಾದವಳು ಇಂದು ತನ್ನ ಕಾಲಿನ ದೆಸೆಯಿಂದ ಬೈಸಿಕೊಳ್ಳುವುದೇ? ತಡೆಯಲಾಗದೆ ಎದ್ದು ನಿಂತರು.

"ಚೆಲ್ಲಬೇಡಿ! ಹುಳಿ ಬಂದದ್ದು ನಿಮ್ಮ ಹಿಟ್ಟಲ್ಲ. ನಾನು!"

ಪ್ಯಾಂಟು ಮೇಲೇರಿತು, ಕಾಲುಚೀಲ ಕೆಳಗಿಳಿಯಿತು, ಇಡ್ಲಿ ಬಟ್ಟೆ ಬಿಚ್ಚಿಕೊಂಡಿತು. ರಾಜೀವಿ ಹಣೆ ಚಚ್ಚಿಕೊಂಡರು. ನೆಲ ಬಾಯ್ದೆರೆಯಬಾರದೇ ಎನ್ನಿಸಿತು ಉಮಾನಾಥರಿಗೆ.

"ಎಕ್ಸಿಮಾ," ಎಂದರು ತಲೆತಗ್ಗಿಸಿ. "ಅಂಟೂದಿಲ್ಲ. ಮುಚ್ಚಿಟ್ಟದ್ದು ನನ್ನ ತಪ್ಪು. ಮಗಳನ್ನ ಮಾತ್ರ ಬೇಡ ಅನ್ನಬೇಡಿ."

ಪಾತ್ರೆ ಹಿಡಿದೇ ನಿಂತಿದ್ದ ಶುಭಾ ಕಣ್ಣರಳಿಸಿದರು. "ಅಯ್ಯೋ, ಅದಾ? ಅಕ್ಷಿತಾ ಫೋನಲ್ಲಿ ಯಾವಾಗಲೋ ಹೇಳಿದ್ದಾಳೆ! ತನಗೂ ಉಂಟು, ಪಪ್ಪನಿಗೂ ಉಂಟು ಅಂತ."

ಉಮಾನಾಥರು ಮಗಳ ಕಡೆ ತಿರುಗಿದರು. ಆಗಷ್ಟೇ ಕಂಡದ್ದು: ಅವಳು ಗಿಡ್ಡ ತೋಳಿನ ಕುರ್ತಾದಲ್ಲೇ ಕೂತಿದ್ದಳು. ಮೊಣಕೈಯಲ್ಲಿ ಮುಲಾಮು ಮಿನುಗುತ್ತಿತ್ತು; ಕೆಂಪು ಹೆಚ್ಚೂಕಡಿಮೆ ಮಾಯವಾಗಿತ್ತು.

"ಕಾಯ್ ಪಪ್ಪಾ, ಏನಿದು! ಅದರಲ್ಲಿ ನಾಚೋದು ಎಂತ? ಡಾಕ್ಟರ್ ಹೇಳಿದ ಹಾಗೆ ಡೇಲಿ ಹಚ್ಚಿದೆ, ಕಮ್ಮಿ ಆಯ್ತು. ನೀವು ಕಾಲಲ್ಲಿ ಇಡ್ಲಿ ಬೇಯಿಸಿದ್ರಿ!"

ಇದನ್ನೂ ಉಮಾನಾಥರು ನುಂಗಿಕೊಳ್ಳುತ್ತಿದ್ದರೇನೋ. ಅಷ್ಟರಲ್ಲಿ ಶಾಂತಕುಮಾರರು ನೆಲದ ಮೇಲಿದ್ದ ಬಟ್ಟೆಯ ಚುಂಗನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣು ಮುಚ್ಚಿ, ಪಳಗಿದ ಮೂಗಿನಿಂದ ಉಸಿರೆಳೆದರು.

"ಕಾಯಿಲೆ ಬಿಡಿ, ಅದು ಯಾರಿಗಿಲ್ಲ? ಆದರೆ ಬೀಗರೇ, ನಿಮ್ಮ ಹಿಟ್ಟಿಗೆ ಉದ್ದು ಕಡಿಮೆ ಬೀಳ್ತಾ ಉಂಟು. ಮದುವೆ ದಿನದ ಇಡ್ಲಿ ನಮ್ಮ ಹೋಟೆಲಿಂದಲೇ ತರಿಸುವ, ಆಗದಾ? ನಿಮ್ಮಲ್ಲಿ ಎಷ್ಟು ಅಕ್ಕಿಗೆ ಎಷ್ಟು ಉದ್ದು..."

ಮಾತು ಮುಗಿಯುವ ಮೊದಲೇ ಉಮಾನಾಥರು ಇನ್ನೊಂದು ಕಾಲಿನ ಬಟ್ಟೆಯನ್ನು ನೆಲದ ಮೇಲೆ ಎಳೆದುಕೊಂಡು, ಹಿಂದಿರುಗಿಯೂ ನೋಡದೆ, ಬಚ್ಚಲುಮನೆಯ ಕಡೆಗೆ ನಡೆದುಬಿಟ್ಟಿದ್ದರು.