ಕಾಳು ಒಂದಕ್ಕೆ ನೀರು ಮೂರು

ಮಾವ ತನ್ನನ್ನು ಒಂದೇ ಒಂದು ಸಲ ‘ಅಳಿಮಯ್ಯ’ ಅನ್ನಲಿ ಎಂಬುದು ರಂಗರಾಜುವಿನ ಆಸೆ. ಚಿಕ್ಕನಾಯಕನಹಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಅವನು, ಹಂದನಕೆರೆಯ ಜುಂಜಣ್ಣನವರ ತೋಟಕ್ಕೆ ಪಂಪ್‌ಸೆಟ್ ರಿಪೇರಿಗೆಂದು ಹೋಗಿ, ಅವರ ಮಗಳು ಕೋಮಲಾಳನ್ನೇ ಮೆಚ್ಚಿ ಮದುವೆಯಾಗಿಬಿಟ್ಟಿದ್ದ. ಮಿಲಿಟರಿಯಿಂದ ರಿಟೈರಾಗಿ ಬಂದಿದ್ದ ಜುಂಜಣ್ಣನವರು ಮಗಳ ಮುಖ ನೋಡಿ ಅಕ್ಷತೆಯೇನೋ ಹಾಕಿದರು. ಆದರೆ ಅಂದಿನಿಂದ ಅಳಿಯನನ್ನು ಕರೆಯುತ್ತಿದ್ದುದು ‘ಮೋಟ್ರಿನೋನು’ ಎಂದೇ. ಮಗಳ ಮನೆಗೆ ಕಾಲಿಟ್ಟಿರಲಿಲ್ಲ.

ಅಂಥವರು ಮುಂದಿನ ವಾರ ಬರುತ್ತೇನೆಂದು ಹೇಳಿ ಕಳಿಸಿದ್ದರು! ಮಾವನಿಗೆ ಬೀರೆಂದರೆ ಪ್ರಾಣ. ಆದರೆ ಅಂಗಡಿಯದು ಹಿಡಿಸುತ್ತಿರಲಿಲ್ಲ. “ಥೂ, ಇದೂ ಒಂದು ಬೀರಾ? ಕ್ಯಾಂಪಲ್ಲಿ ನಮ್ಮ ಅಡುಗೆಯೋನು ಕೈಯಾರೆ ಮಾಡೋನು ನೋಡು, ಅದು!” ಎನ್ನುತ್ತಿದ್ದರು. ಹಾಗಾದರೆ ನಾನೇ ಮಾಡಿಬಿಡುತ್ತೇನೆ ಅಂದುಕೊಂಡ ಪುಣ್ಯಾತ್ಮ.

ದಾರಿ ತೋರಿಸಿದವನು ಬೀರು ಕಾರ್ಖಾನೆಯೊಂದರಲ್ಲಿ ದುಡಿದು ಬಂದಿದ್ದ ಗೆಳೆಯ ಚಿತ್ತೇಶ್.

“ಮೊಳಕೆ ರಾಗಿ ಒಣಗ್ಸಿ ತರಿ ಒಡಿಸ್ಲಾ. ಬಿಸಿನೀರಿಗೆ ಹಾಕು. ಅಡೀಲಿ ಇಳಿಯೋ ನೀರನ್ನ ಪಂಪಲ್ಲಿ ಎತ್ತಿ ಮೇಲಿಂದ ಸುರೀತಾನೇ ಇರು, ಸಿಹಿಯೆಲ್ಲ ಇಳ್ಕೊಂಡು ಬತ್ತದೆ. ಆಮೇಲೆ ಒಂದು ವಾರ ಹುಳಿಯಾಕೆ ಬುಡು. ಆದ್ರೆ ಕಾಳು ಒಂದಕ್ಕೆ ನೀರು ಮೂರು ಕಣ್ಲಾ! ಕಮ್ಮಿಯಾದ್ರೆ ಪಂಪು ಕಟ್ಕೊಳ್ತದೆ, ಜಾಸ್ತಿಯಾದ್ರೆ ಕಲಗಚ್ಚು.”

ಪಂಪಿನ ಮಾತು ಬಂದ ಮೇಲೆ ರಂಗರಾಜುವನ್ನು ಹಿಡಿಯುವವರುಂಟೆ? ಹಿತ್ತಲಲ್ಲಿ ತೆಂಗಿನ ಮಟ್ಟೆಯ ಒಲೆ ಹೂಡಿದ. ಹಂಡೆಯ ತಳಕ್ಕೊಂದು ನಲ್ಲಿ ಬೆಸೆದ, ರಾಗಿ ಜಾರಿ ಬಾರದಂತೆ ಒಳಗೆ ತೆಂಗಿನ ನಾರು ಹಾಸಿದ, ಕೂಲರಿನ ಪಂಪಿಗೆ ಪೈಪು ಸಿಕ್ಕಿಸಿದ. ರಾಗಿಯನ್ನೂ ನೀರನ್ನೂ ಒಂದೇ ಸೇರಿನಲ್ಲಿ ಚಿನ್ನ ತೂಗುವವನಂತೆ ಅಳೆದು ಸುರಿದ. ಸ್ವಿಚ್ಚು ಒತ್ತಿದರೆ ಕಂದು ನೀರು ಗುಳುಗುಳು ಸುತ್ತತೊಡಗಿತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಅಂಕಮ್ಮನ ತಲೆ ಎದ್ದಿತು. “ಏನಪ್ಪಾ ಅದು, ಘಮ್ಮಂತೈತೆ?”

ಬೀರೆಂದರೆ ಪೊಲೀಸರೇ ಬಂದಾರು. “ಅಂಬ್ಲಿ ಕಣಕ್ಕಾ,” ಎಂದುಬಿಟ್ಟ.

“ಅಂಬ್ಲಿಗೆ ಪಂಪ್ಯಾಕಪ್ಪಾ?”

“ತಿರುವಾಕೆ.”

ಈ ಸುಳ್ಳೇ ಅವನಿಗೆ ಮುಳುವಾಯಿತು. ಅಷ್ಟರಲ್ಲಿ ಫ್ಯೂಸು ಹೋಗಿ ಪಂಪು ನಿಂತಿತು. ತಂತಿ ಕಟ್ಟಲು ಒಳಗೆ ಓಡಿದ ಅವನು ಪಂಪು ಮತ್ತೆ ತಿರುಗುವಂತೆ ಮಾಡಿ ಬರುವುದರೊಳಗೆ ಅಂಕಮ್ಮ ಬೇಲಿ ದಾಟಿ ಬಂದು, ಹಂಡೆಗೆ ಒಂದು ಬಿಂದಿಗೆ ನೀರು ಬಗ್ಗಿಸಿಯಾಗಿತ್ತು.

“ಅಯ್ಯೋ ಅಕ್ಕಾ! ಏನ್ಮಾಡ್ಬುಟ್ಟೆ!”

“ತಳ ಹಿಡೀತಿತ್ತು ಕಣಪ್ಪ. ಗಂಡಸ್ರಿಗೇನು ಗೊತ್ತಾಯ್ತದೆ?”

ಅಂಬಲಿ ಅಂದವನೇ ತಾನು, ಬೈಯುವುದಾದರೂ ಹೇಗೆ? ಲೆಕ್ಕ ಸರಿಮಾಡಲು ಇನ್ನಷ್ಟು ರಾಗಿ ತರಲೆಂದು ಮತ್ತೆ ಒಳಗೆ ಹೋದ. ಆಗ ಮೋಟರ್ ರಿಪೇರಿ ಆಯಿತೇ ಎಂದು ಕೇಳಲು ಎದುರುಮನೆಯ ಕೊಬ್ಬರಿ ವ್ಯಾಪಾರಿ ರೇವಣಸಿದ್ದಯ್ಯನವರು ಬಂದರು. ಅಂಬಲಿಯೆಂದು ಅಂಕಮ್ಮ ಹೇಳಿದ್ದೇ ತಡ, ಹಂಡೆಯೊಳಗೆ ಇಣುಕಿ, “ಏನ್ರೀ ಅಂಕಮ್ಮ, ಇದ್ಯಾವ ಸೀಮೆ ಅಂಬ್ಲಿ, ನೀರೋ ನೀರು!” ಎಂದು ಮರುಗಿ, ಮನೆಯಿಂದ ಹುರಿಹಿಟ್ಟು, ಬೆಲ್ಲ ತಂದು ಧಾರಾಳವಾಗಿ ಸುರಿದರು. ಪಂಪು ಗೊರಗೊರ ಎಂದಿತು. ಪೈಪು ಕಳಚಿ ಹಾರಿ ಅವರ ಬಿಳಿ ಅಂಗಿಗೆಲ್ಲ ಕಂದು ಎರಚಿತು. ರಾಗಿ ಹಿಡಿದು ಬಂದ ರಂಗರಾಜು ತಲೆಯ ಮೇಲೆ ಕೈಹೊತ್ತು ಕೂತ.

“ರೀ, ಅಪ್ಪ ಬಂದ್ರು!” ಎಂದು ಕೋಮಲಾ ಒಳಗಿನಿಂದ ಕೂಗಿದಳು.

“ಮಗಳ್ನ ನೋಡ್ಬೇಕು ಅನ್ನಿಸ್ತು. ವಾರ ಯಾಕೆ ಕಾಯಾನ ಅಂತ ಬಂದೆ,” ಎನ್ನುತ್ತಾ ಜುಂಜಣ್ಣನವರು ವಾಸನೆ ಹಿಡಿದು ನೇರ ಹಿತ್ತಲಿಗೇ ಬಂದರು. ಯಾರನ್ನೂ ಕೇಳದೆ ಹಂಡೆಯಿಂದ ಒಂದು ಲೋಟ ಬಗ್ಗಿಸಿಕೊಂಡು ಕುಡಿದರು. ರಂಗರಾಜು ಗಡಬಡಿಸಿ ಎದ್ದು ನಿಂತ.

“ನಮ್ಮವ್ವ ಅಂಬ್ಲೀನ ಹಿಂಗೇ ಮಾಡೋಳು,” ಎಂದರು ಮುದುಕರು. ಕಣ್ಣಲ್ಲಿ ನೀರಾಡುತ್ತಿತ್ತು. “ಕುರಿ ಹೊಡ್ಕೊಂಡು ಹೋಗೋವಾಗ ಕುಡ್ಸಿ ಕಳ್ಸೋಳು. ಡಾಕ್ಟ್ರು ನಂಗೆ ಬೀರು ಬುಡಿಸ್ಬುಟ್ಟವ್ರೆ. ಹೋದ ಕಡೇಲೆಲ್ಲ ಬಾಟ್ಲಿ ತಂದಿಟ್ಟು ಹೊಟ್ಟೆ ಉರಿಸ್ತಾರೆ. ನೀನೊಬ್ಬ ನನ್ನ ಮನಸು ಅರ್ತೆ. ಇನ್ನೊಂದು ಲೋಟ ಕೊಡು, ಅಳಿಮಯ್ಯ.”

ರಂಗರಾಜು ಲೋಟ ತುಂಬಿ ಎರಡೂ ಕೈಯಲ್ಲಿ ಕೊಟ್ಟ. ಕೋಮಲಾ ಬಾಗಿಲ ಹಿಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇನ್ನು ದೀಪಾವಳಿಗಂಟ ಇಲ್ಲೇ ನಾನು. ದಿನಾ ಇದೇ ಕೊಡು, ಇದೇ ಹದ. ಒಂಚೂರು ತಪ್ಪಿದ್ರೂ ನಂಗೆ ಗೊತ್ತಾಯ್ತದೆ.”

ಮರುದಿನ ರಂಗರಾಜು ಚಿತ್ತೇಶ್ ಹೇಳಿದ್ದಂತೆ ಕಾಳು ಒಂದಕ್ಕೆ ನೀರು ಮೂರು ಅಳೆದು, ಬೆಲ್ಲ ಹಿಟ್ಟು ಅಂದಾಜಿಗೆ ಬೆರೆಸಿ, ಭಕ್ತಿಯಿಂದ ಲೋಟ ಮುಂದಿಟ್ಟ. ಮಾವ ಒಂದು ಗುಟುಕು ಕುಡಿದು ಕೆಳಗಿಟ್ಟರು.

“ಇದಲ್ಲ ಕಣಯ್ಯಾ, ಮೋಟ್ರಿನೋನೇ.”

ರಂಗರಾಜು ಎದ್ದುಬಿದ್ದು ಬೇಲಿಗೆ ಓಡಿದ. “ಅಂಕಮ್ಮಕ್ಕಾ, ನಿನ್ ಕಾಲಿಗೆ ಬೀಳ್ತೀನಿ, ಬಂದು ನೆನ್ನೆ ಥರಾನೇ ನೀರು ಹುಯ್ಯಕ್ಕಾ! ರೇವಣಸಿದ್ದಯ್ಯನೋರೇ, ಹಿಟ್ಟು ತನ್ರೀ!”

ರೇವಣಸಿದ್ದಯ್ಯನವರು ತೊಳೆದು ಹರವಿದ್ದ ಅಂಗಿಯನ್ನೊಮ್ಮೆ ನೋಡಿ ಬಾಗಿಲು ಹಾಕಿಕೊಂಡರು. ಅಂಕಮ್ಮ ಸೆರಗು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದಳು:

“ಬುಡಪ್ಪಾ. ಇನ್ನೊಬ್ರ ಒಲೆ ಉಸಾಬರಿ ನಮಗ್ಯಾಕೆ?”