ಬೆಳವನ ಗೂಡು ಮತ್ತು ನಮ್ಮ ಬೀಗರ ದೇವರು

ದೇವರಿದ್ದಾನೋ ಇಲ್ಲವೋ ಎಂಬ ವಾದವನ್ನು ಯಾರ ಜೊತೆ ಬೇಕಾದರೂ ಮಾಡಿ, ಬೀಗರ ಜೊತೆ ಮಾತ್ರ ಮಾಡಬೇಡಿ. ಗೆಳೆಯರ ಜೊತೆ ಮಾಡಿದರೆ ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಹೆಂಡತಿಯ ಜೊತೆ ಅದು ಶುರುವೇ ಆಗುವುದಿಲ್ಲ. ಬೀಗರ ಮಾತು ಬೇರೆ. ನಮ್ಮ ಕಡೆ ಬೀಗರು ಮನೆಗೆ ಬಂದರೆಂದರೆ ಊಟದಲ್ಲಿ ಹೋಳಿಗೆಯನ್ನೂ ಮಾತಿನಲ್ಲಿ ಗೆಲುವನ್ನೂ ಬಡಿಸಲೇಬೇಕು. ಎರಡರಲ್ಲಿ ಯಾವುದು ಕಡಿಮೆಯಾದರೂ ಸುದ್ದಿ ಮುದ್ದೇಬಿಹಾಳದ ನೆಂಟರ ತನಕ ಹೋಗುತ್ತದೆ. ಹೋಳಿಗೆಯ ಜವಾಬ್ದಾರಿ ನನ್ನ ಹೆಂಡತಿ ಕಸ್ತೂರಿಯದು. ಸೋಲುವ ಜವಾಬ್ದಾರಿ ನನ್ನದು. ಇಷ್ಟು ವರ್ಷ ನಾವಿಬ್ಬರೂ ನಮ್ಮ ನಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದೆವು.

ನಾನು ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವನು. ನಾಸ್ತಿಕ ಅಂತ ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಸೋಮವಾರ ಒಪ್ಪತ್ತು ಮಾಡುತ್ತೇನೆ. ಅಂದು ಮನೆಯಲ್ಲಿ ಒಂದೇ ಹೊತ್ತು ಒಲೆ ಹೊತ್ತುವುದರಿಂದ ಅದರಲ್ಲಿ ನನ್ನ ಭಕ್ತಿ ಎಷ್ಟು, ಕಸ್ತೂರಿಯ ಭಕ್ತಿ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ತರಗತಿಯಲ್ಲಿ ಮಾತ್ರ ನಾನು ಖಡಕ್ಕು. ಕಣ್ಣು ಹೇಗೆ ಆಯಿತು, ರೆಕ್ಕೆ ಹೇಗೆ ಬಂತು, ಸಣ್ಣ ಸಣ್ಣ ಬದಲಾವಣೆಗಳು ತಲೆಮಾರುಗಳಲ್ಲಿ ಹೇಗೆ ಕೂಡಿಕೊಂಡವು ಎಂದು ಬೋರ್ಡಿನ ತುಂಬ ಬರೆಯುತ್ತೇನೆ. ಹುಡುಗರು ಅದನ್ನೆಲ್ಲ ನಂಬಿ ಬರೆದುಕೊಂಡು, ಪರೀಕ್ಷೆಯ ದಿನ ಹಣೆಗೆ ವಿಭೂತಿ ಹಚ್ಚಿಕೊಂಡು ಬರುತ್ತಾರೆ. ಅದಕ್ಕೆ ನಾನು ಏನೂ ಅನ್ನುವುದಿಲ್ಲ, ಯಾಕೆಂದರೆ ಅಂದು ನನ್ನ ಹಣೆಯ ಮೇಲೂ ಇರುತ್ತದೆ.

ಮಗಳು ಶೈಲಾಳನ್ನು ಕೊಟ್ಟಿರುವುದು ಇಂಡಿ ತಾಲ್ಲೂಕಿನ ಒಂದು ಹಳ್ಳಿಗೆ. ಅವಳ ಮಾವ ಸಿದ್ರಾಮಪ್ಪನವರದು ನಿಂಬೆಯ ತೋಟ. ನಿಂಬೆಯ ನೆರಳಿನಲ್ಲಿ ಕೂತು ಕೂತು ಅವರಿಗೆ ದೇವರ ಕುಶಲತೆ ಕಾಣತೊಡಗಿದೆ. ಹಣ್ಣು ಕುಯ್ದು ಎರಡು ಹೋಳು ಮಾಡಿ, ಒಳಗಿನ ತೊಳೆಗಳನ್ನು ತೋರಿಸಿ, ಇಷ್ಟು ಒಪ್ಪವಾಗಿ ರಸ ಕಟ್ಟಿಟ್ಟವನು ಯಾರು ಹೇಳ್ರಿ ಎಂದು ಕೇಳುತ್ತಾರೆ. ಬಾಯಾರಿ ಸಾಯುವ ಬೇಸಿಗೆಗೆ ಸರಿಯಾಗಿ ಹುಳಿಹಣ್ಣು ಕಳಿಸಿದವನು ಯಾರು, ದನ ತಿನ್ನದ ಹಾಗೆ ಮುಳ್ಳು ಇಟ್ಟವನು ಯಾರು? ಹಾಗಾದರೆ ಗಿಡಕ್ಕೆ ಬರುವ ಕಜ್ಜಿ ರೋಗ ಇಟ್ಟವರು ಯಾರು ಎಂದು ನಾನು ಒಮ್ಮೆ ಕೇಳಿದ್ದೆ. ಅದು ನಮ್ಮ ಕರ್ಮ ಅಂದರು. ಹಣ್ಣಾದರೆ ದೇವರು, ಕಜ್ಜಿಯಾದರೆ ನಾವು. ಆದರೆ ಅವರ ಬ್ರಹ್ಮಾಸ್ತ್ರ ನಿಂಬೆಯಲ್ಲ, ಬಣವೆ.

"ಬೀಗರ, ಹೊಲದಾಗ ಒಂದು ಬಣವಿ ಕಂಡ್ರ ಯಾರೋ ಒಟ್ಯಾರ ಅಂತೀರಿಲ್ಲೋ? ಗಾಳಿಗೆ ಕಣಿಕಿ ಹಾರಿ ಬಂದು ತಾನ ಬಣವಿ ಆತು ಅಂತೀರೇನು? ಹಂಗಾರ ಇಷ್ಟು ದೊಡ್ಡ ಜಗತ್ತು ತಾನ ಒಟ್ಟಿಕೊಂಡೈತಿ ಅಂತ ಹೆಂಗ ಅಂತೀರಿ?"

ಬಣವೆ ಮರಿ ಹಾಕುವುದಿಲ್ಲ, ಜೀವಿಗಳು ಹಾಕುತ್ತವೆ, ವ್ಯತ್ಯಾಸ ಇರುವುದೇ ಅಲ್ಲಿ ಎಂದು ನಾನು ಶುರು ಮಾಡುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿ, ಹಾಗೆ ಮರಿ ಹಾಕು ಅಂತ ಅವಕ್ಕೆ ಹೇಳಿದವನು ಯಾರು ಅನ್ನುತ್ತಿದ್ದರು. ಅಷ್ಟರಲ್ಲಿ ಕಸ್ತೂರಿ ಅಡುಗೆಮನೆಯಿಂದ ಒಂದು ನೋಟ ಬೀರುತ್ತಿದ್ದಳು. ನಾನು ಬೀಗರ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿ ಸೋಲುತ್ತಿದ್ದೆ.

ಈ ಬೇಸಿಗೆಯಲ್ಲಿ ಶೈಲಾ ಬಸುರಿಯಾಗಿ ನಮ್ಮಲ್ಲಿಗೆ ಬಂದಳು. ಮೊದಲೊಮ್ಮೆ ಬಸಿರು ನಿಂತದ್ದು ಉಳಿದಿರಲಿಲ್ಲ. ಅದನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದಿರುವುದಕ್ಕಾಗಿ ಎಲ್ಲರೂ ದಿನವಿಡೀ ಬೇರೆ ಬೇರೆ ಮಾತು ಆಡುತ್ತಿದ್ದೆವು. ಬಿಸಿಲು ಹೇಗಿತ್ತೆಂದರೆ ಬೆಳಿಗ್ಗೆ ತುಂಬಿಸಿದ ಟಾಕಿಯ ನೀರಿನಲ್ಲಿ ಮಧ್ಯಾಹ್ನ ಚಹಾಪುಡಿ ಹಾಕಬಹುದಿತ್ತು. ಮಗಳಿಗಾಗಿ ವಾರದ ಮೊದಲೇ ಕಿಟಕಿಯ ಹೊರಗಿನ ಕೂಲರ್ ತೊಳೆದು, ಹೊಸ ಹುಲ್ಲಿನ ಜಾಳಿಗೆ ಹಾಕಿಸಿಟ್ಟು, ಅವಳು ಬಂದ ದಿನ ಇನ್ನೇನು ಗುಂಡಿ ಒತ್ತಬೇಕು ಅನ್ನುವಾಗ ಕಸ್ತೂರಿ ಓಡಿ ಬಂದು ನನ್ನ ಕೈ ಹಿಡಿದಳು. ಕೂಲರಿನ ತಗಡಿನ ಮೇಲೆ ಪಾರಿವಾಳದ ಜಾತಿಯ ಒಂದು ಬೆಳವ ಹಕ್ಕಿ ಕೂತಿತ್ತು. ಅದರ ಕೆಳಗೆ ನಾಲ್ಕಾರು ಕಡ್ಡಿ, ಕಡ್ಡಿಗಳ ಮೇಲೆ ಮೊಟ್ಟೆ. ಬಸುರಿ ಇರುವ ಮನೆಯಲ್ಲಿ ಹಕ್ಕಿಯ ಗೂಡು ಮುಟ್ಟಬಾರದು, ಅದು ನಮ್ಮ ಕಡೆಯ ಕಟ್ಟುನಿಟ್ಟು. ಗಂಡಸರು ಹಾವು ಹೊಡೆಯಬಾರದು, ಗೂಡು ಕೀಳಬಾರದು, ಜಾಗ ಬದಲಿಸಬಾರದು. ಕೂಲರ್ ಹಚ್ಚಿದರೆ ತಗಡು ನಡುಗಿ ಮೊಟ್ಟೆ ಬೀಳುವುದು ಖಂಡಿತ. ಹೀಗಾಗಿ ಕೂಲರ್ ಹಕ್ಕಿಯದಾಯಿತು, ಬೀಸಣಿಕೆ ನಮ್ಮದಾಯಿತು.

ಬೆಳವನ ಗೂಡನ್ನು ನೀವು ನೋಡಿದ್ದೀರಲ್ಲ? ಗೂಡು ಅನ್ನುವುದು ಗೌರವದ ಮಾತು. ಗೀಜುಗ ಹಕ್ಕಿ ಬಾವಿಯ ಮೇಲಿನ ಜಾಲಿಗೆ ನೇಯ್ದು ತೂಗುಬಿಟ್ಟ ಗೂಡು ನೋಡಿದರೆ ಎಂಥವನಿಗೂ ದೇವರ ನೆನಪಾಗುತ್ತದೆ. ಬೆಳವನ ಗೂಡು ನೋಡಿದರೆ ಆಗುವ ನೆನಪು ನಮ್ಮೂರಿನಲ್ಲಿ ಅರ್ಧಕ್ಕೇ ನಿಂತ ಚರಂಡಿಯದು. ಕಡ್ಡಿಗಳ ಸಂದಿಯಿಂದ ಮೊಟ್ಟೆ ಕೆಳಗಿನಿಂದಲೇ ಕಾಣುತ್ತದೆ. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ಸರ್ವಜ್ಞನಾದ ಒಬ್ಬ ದೇವರು ಕಲಿಸಿದ್ದರೆ ಇಷ್ಟು ಕೆಟ್ಟದಾಗಿ ಕಲಿಸುತ್ತಿದ್ದನೇ? ಬೀಗರು ಬಸುರಿಯ ಉಡಿ ತುಂಬುವ ಕುಬುಸದ ಕಾರ್ಯಕ್ಕೆ ಬಂದಾಗ ತೋರಿಸಲು ಒಂದು ಪುರಾವೆ ಕಿಟಕಿಯಲ್ಲೇ ಸಿಕ್ಕಿತು ಎಂದುಕೊಂಡೆ.

ಒಂದು ಬೆಳಿಗ್ಗೆ ಗಾಳಿ ಬೀಸಿತು. ಮೊಟ್ಟೆಗಳೆರಡೂ ತಗಡಿನ ಮೇಲೆ ಉರುಳಿ ಅಂಗಳದ ಕಲ್ಲಿನ ಮೇಲೆ ಒಡೆದವು. ಮೊದಲು ನೋಡಿದವಳು ಶೈಲಾ. ಅವಳು ಅಳಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತು, ನಾನು ಬಂದದ್ದು ಗೊತ್ತಾದ ಮೇಲೆ ಕೇಳಿದಳು.

"ಅಪ್ಪಾ, ಗೂಡ ನೆಟ್ಟಗ ಕಟ್ಟಾಕ ಅದಕ್ಕ ಯಾರೂ ಕಲಿಸಿಲ್ಲೇನು?"

ಈ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಪಾಠವೇ ಇದೆ. ಹಕ್ಕಿ ಬೇಗ ಬೇಗ ಮೊಟ್ಟೆ ಇಡುತ್ತದೆ, ಒಂದಷ್ಟು ಹೋಗುತ್ತವೆ, ಒಂದಷ್ಟು ಉಳಿಯುತ್ತವೆ, ಲೆಕ್ಕದಲ್ಲಿ ಜಾತಿ ಬದುಕುತ್ತದೆ. ಎಷ್ಟೋ ತರಗತಿಗಳಿಗೆ ಹೇಳಿದ ಪಾಠ. ಆದರೆ ಒಂದಷ್ಟು ಹೋಗುತ್ತವೆ ಅನ್ನುವ ಮಾತನ್ನು ಆ ಹುಡುಗಿಗೆ ಯಾವ ಬಾಯಿಂದ ಹೇಳಲಿ? ಚಹಾ ಕುಡಿಯೇಳು ಎಂದೆ. ಅವಳು ಅಂದು ಸರಿಯಾಗಿ ಊಟ ಮಾಡಲಿಲ್ಲ. ಎರಡು ದಿನ ಬಿಟ್ಟು ಅದೇ ಜೋಡಿ ಅದೇ ಜಾಗಕ್ಕೆ ಮತ್ತೆ ಕಡ್ಡಿ ತರತೊಡಗಿದಾಗ, ಕುರ್ಚಿ ಕಿಟಕಿಯ ಹತ್ತಿರ ಎಳೆದುಕೊಂಡು ಕೂತಳು. ಇವೂ ಬಿದ್ದರೆ ಎಂದು ತಾಯಿಯನ್ನು ಕೇಳಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳಂತೆ. ಕಸ್ತೂರಿ ಇದನ್ನು ನನಗೆ ಹೇಳುವಾಗ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಲ್ಲವೇನೋ ಎಂದು ನಾನು ಅನುಮಾನಿಸುತ್ತಿದ್ದವನ ಮೇಲೆಯೇ ಇರಬೇಕು.

ತಾಯಿ ಮಗಳು ಡಾಕ್ಟರರ ಹತ್ತಿರ ಹೋದ ಒಂದು ಮಧ್ಯಾಹ್ನ ನಾನು ಸ್ಟೂಲು ಹಾಕಿಕೊಂಡು ಕೂಲರ್ ಹತ್ತಿದೆ. ಮೊಟ್ಟೆ ಇನ್ನೂ ಬಂದಿರಲಿಲ್ಲ, ಮೂರು ಕಡ್ಡಿಗಳ ಅಡಿಪಾಯವಷ್ಟೇ ಆಗಿತ್ತು. ಗೂಡು ಕೀಳಬಾರದು ಎಂಬ ನಿಯಮವಿದೆ, ಕಟ್ಟಬಾರದು ಎಂದು ಯಾರೂ ಹೇಳಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಬಾವಿಯ ಹಳೆಯ ತೆಂಗಿನ ನಾರಿನ ಹಗ್ಗವನ್ನು ಸಿಂಬಿಯ ಹಾಗೆ ಸುತ್ತಿದೆ. ಅದನ್ನು ಸಣ್ಣ ತಂತಿಯಿಂದ ಕೂಲರಿನ ಅಂಚಿಗೆ ಬಿಗಿದೆ. ಹಗ್ಗ ಕಾಣದ ಹಾಗೆ ಸುತ್ತಲೂ ಕಸಬರಿಗೆಯ ಕಡ್ಡಿ, ಜೋಳದ ಒಣ ಎಲೆಯ ರವದಿ ಸಿಕ್ಕಿಸಿದೆ. ಹೇಳುವುದಕ್ಕೆ ಇಷ್ಟೇ. ಮಾಡುವುದಕ್ಕೆ ಇಡೀ ಮಧ್ಯಾಹ್ನ ಬೇಕಾಯಿತು. ತಗಡು ಕಾದ ಹಂಚಾಗಿತ್ತು, ತಂತಿ ಬೆರಳಿಗೆ ಚುಚ್ಚಿತು, ಎರಡು ಬಾರಿ ಸಿಂಬಿಯೇ ಕೈಬಿಟ್ಟು ಅಂಗಳಕ್ಕೆ ಬಿತ್ತು. ಬೆಳವ ಎದುರಿನ ಕರೆಂಟಿನ ತಂತಿಯ ಮೇಲೆ ಕೂತು, ಶಾಲೆಗೆ ಬರುವ ಇನ್‌ಸ್ಪೆಕ್ಟರರ ಹಾಗೆ ಕತ್ತು ಓರೆ ಮಾಡಿ ನೋಡುತ್ತಿತ್ತು. ಕೊಕ್ಕು ಮಾತ್ರ ಇರುವ ಗೀಜುಗ ಈ ಕೆಲಸವನ್ನು ಹೇಗೆ ಮಾಡುತ್ತದೆ ಎಂದು ನನಗೆ ಮೊದಲ ಸಲ ನಿಜವಾಗಿ ಆಶ್ಚರ್ಯವಾಯಿತು. ಪಾಠ ಮಾಡುವಾಗ ಆಗಿರಲಿಲ್ಲ. ನಾನು ಇಳಿದು ಬಂದ ಮೇಲೆ ಹಕ್ಕಿ ಬಂತು, ಸಿಂಬಿಯ ಸುತ್ತ ಒಂದು ಸುತ್ತು ಹಾಕಿತು, ತನ್ನ ಕಡ್ಡಿಯೊಂದನ್ನು ನಡುವೆ ಎಸೆದು, ಎಲ್ಲವೂ ತಾನೇ ಮಾಡಿದ್ದೆಂಬಂತೆ ಕೂತುಬಿಟ್ಟಿತು.

ಮೊಟ್ಟೆ ಬಂದವು, ಗಾಳಿಯೂ ಬಂತು, ಮೊಟ್ಟೆ ಬೀಳಲಿಲ್ಲ. ಶೈಲಾ ಊಟ ಮಾಡತೊಡಗಿದಳು. ಮೊಟ್ಟೆ ಒಡೆದು ಮರಿ ಬಂದ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಅಷ್ಟರಲ್ಲಿ ಕುಬುಸಕ್ಕೆಂದು ಬೀಗರು ಹಸಿರು ಸೀರೆ, ಬಳೆ, ಒಂದು ಚೀಲ ನಿಂಬೆಹಣ್ಣು ತಂದರು. ಮಾವಿನಹಣ್ಣಿನ ಸೀಕರಣೆ, ಹೋಳಿಗೆಯ ಊಟವಾದ ಮೇಲೆ ಬೆವರೊರೆಸಿಕೊಳ್ಳುತ್ತ, ಕೂಲರ್ ಯಾಕೆ ಹಚ್ಚಿಲ್ಲ ಎಂದು ಕೇಳಿದರು. ಶೈಲಾ ಕಿಟಕಿ ತೋರಿಸಿದಳು. ಮೊದಲ ಮೊಟ್ಟೆಗಳು ಒಡೆದದ್ದು, ಆಮೇಲೆ ಅದೇ ಹಕ್ಕಿ ಇಂಥ ಗಟ್ಟಿ ಗೂಡು ಕಟ್ಟಿದ್ದು, ಎಲ್ಲವನ್ನೂ ತಾನೇ ಹೇಳಿದಳು. ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ಸಿದ್ರಾಮಪ್ಪನವರು ಕನ್ನಡಕ ಏರಿಸಿ, ಗೂಡಿನ ಹತ್ತಿರ ಮುಖ ಒಯ್ದು, ತುಂಬ ಹೊತ್ತು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

"ನೋಡ್ರಿ ಬೀಗರ, ತಂತಿ ಹುಡುಕಿ ತಂದು ಹೆಂಗ ಬಿಗದೈತಿ. ಇದಕ್ಕ ಕೈ ಅದಾವೇನು, ಸಾಲಿ ಕಲತೈತೇನು? ಒಮ್ಮೆ ತಪ್ಪಿದ ಮ್ಯಾಲೆ ಹಿಂಗ ಕಟ್ಟು ಅಂತ ಹೇಳಿದಾಂವ ಒಬ್ಬ ಅದಾನ. ಈಗರ ಒಪ್ತೀರೋ ಇಲ್ಲೋ?"

ನನ್ನ ಆ ಹೊತ್ತಿನ ಪಾಡನ್ನು ಯೋಚಿಸಿ. ಇಷ್ಟು ವರ್ಷಗಳ ವಾದವನ್ನು ಒಂದೇ ಮಾತಿನಲ್ಲಿ ಮುಗಿಸಬಹುದಾಗಿತ್ತು. ಅದನ್ನು ಕಟ್ಟಿದವನು ನಾನು, ಬೇಕಾದರೆ ಬೆರಳಿನ ಗಾಯ ನೋಡಿ ಅಂದರೆ ಸಾಕಿತ್ತು. ಜಗತ್ತಿನಲ್ಲಿ ಯಾವ ನಾಸ್ತಿಕನಿಗೂ ಇಂಥ ಸಾಕ್ಷಿ ಸಿಕ್ಕಿರಲಾರದು. ಆದರೆ ಶೈಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಹಕ್ಕಿ ಎರಡನೆಯ ಸಲ ತಾನಾಗಿ ಕಲಿತುಕೊಂಡಿದೆ, ಎರಡನೆಯ ಸಲ ಎಲ್ಲ ನೆಟ್ಟಗಾಗುತ್ತದೆ ಎಂದು ಅವಳು ನಂಬಿ ಕೂತಿದ್ದಳು. ಅಪ್ಪನ ಹಗ್ಗ ಎಂದು ಗೊತ್ತಾದರೆ ಆ ನಂಬಿಕೆ ಎಲ್ಲಿ ನಿಲ್ಲಬೇಕು? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಯಾರೋ ಮಾಡ್ಯಾರ, ಅದಂತೂ ಖರೆ ಐತಿ ಬಿಡ್ರಿ" ಎಂದೆ.

ನಾನಾಡಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬೀಗರ ವಾದದಲ್ಲಿಯೂ ತಪ್ಪಿರಲಿಲ್ಲ, ವಿಳಾಸವಷ್ಟೇ ತಪ್ಪಿತ್ತು. ಅವರು ಅಲ್ಲಿಯೇ ಫೋನು ತೆಗೆದು, ಬೀಗರು ಒಪ್ಪಿದರು ಎಂದು ಬಸವನ ಬಾಗೇವಾಡಿಯ ತಮ್ಮನಿಗೆ ತಿಳಿಸಿದರು. ಅವರಿಗಾದ ಸಂತೋಷ ನೋಡಿ ನನಗೂ ಸಂತೋಷವಾಯಿತು. ಹೋಗುವ ಮುಂಚೆ ಅವರು ಮತ್ತೊಮ್ಮೆ ಗೂಡು ನೋಡಿದರು. ಎಡಗಡೆ ಒಂದು ಕಡೆ ಕಟ್ಟು ಸ್ವಲ್ಪ ಸಡಿಲಾಗಿರುವುದನ್ನು ಗಮನಿಸಿ ಹುಬ್ಬು ಗಂಟಿಕ್ಕಿದರು. ಅವರು ಸ್ವಲ್ಪ ಯೋಚಿಸಿ, ಮರಿಗಳಿಗೆ ಗಾಳಿ ಆಡಲಿ ಎಂದು ದೇವರು ಬೇಕಂತಲೇ ಹಾಗೆ ಬಿಡಿಸಿದ್ದಾನೆ, ಅವನ ಕೆಲಸದಲ್ಲಿ ಅರ್ಥವಿಲ್ಲದ್ದು ಯಾವುದೂ ಇರುವುದಿಲ್ಲ ಎಂದು ಶೈಲಾಳಿಗೆ ವಿವರಿಸಿದರು. ಅಲ್ಲಿ ತಂತಿ ತೀರಿಹೋಗಿತ್ತು ಎಂಬುದು ನನಗೊಬ್ಬನಿಗೇ ಗೊತ್ತು ಎಂದುಕೊಂಡೆ.

ಬೀಗರನ್ನು ಇಂಡಿಯ ಬಸ್ಸು ಹತ್ತಿಸಿ ಬಂದಾಗ ಶೈಲಾ ಮಲಗಿದ್ದಳು. ಕಸ್ತೂರಿ ಕಿಟಕಿಯ ಹತ್ತಿರ ನಿಂತು, ಮರಿಗಳಿಗೆ ಕೇಳಬಾರದೆಂಬಂತೆ ಸಣ್ಣ ದನಿಯಲ್ಲಿ ಕೇಳಿದಳು.

"ಅಲ್ರಿ, ಅಷ್ಟೆಲ್ಲ ಮಾಡಿದವ್ರು ಆ ಕಡೆ ಯಾಕ ಸಡ್ಲ ಬಿಟ್ರಿ?"

ತಂತಿ ತೀರಿತ್ತು ಎಂದೆ. ಬಿಸಿಲಿತ್ತು, ಬೆನ್ನು ನೋಯುತ್ತಿತ್ತು, ನೀವು ಬರುವ ಹೊತ್ತಾಗಿತ್ತು ಎಂದೆ. ಅವಳು ಎಲ್ಲವನ್ನೂ ಕೇಳಿ, ಅಂಗಡಿ ಓಣಿಯ ತುದಿಯಲ್ಲೇ ಇತ್ತಲ್ಲ, ಹೋಗಿ ತರಬೇಕಿತ್ತು ಎಂದು ಒಳಗೆ ಹೋದಳು. ಮೇಲೆ ಒಬ್ಬನಿದ್ದಾನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಇದ್ದರೆ, ಅವನನ್ನೂ ಮನೆಯಲ್ಲಿ ಯಾರಾದರೂ ಹೀಗೆ ಕೇಳುತ್ತಿರಬೇಕು. ಅವನು ಏನು ಹೇಳಿ ತಪ್ಪಿಸಿಕೊಳ್ಳುತ್ತಾನೆ ಎಂದು ತಿಳಿದುಕೊಳ್ಳುವುದು ಈಗ ನನಗೆ ಬಹಳ ಅವಶ್ಯವಾಗಿದೆ.